ಮೊಸಳೆಗಳಿದ್ದ ಧ್ರುವವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಹೇಗೆ

ಕೆನಡಾದ ಉತ್ತರದ ತುತ್ತತುದಿಯಲ್ಲಿರುವ ಎಲ್ಸ್‌ಮಿಯರ್ ದ್ವೀಪದಲ್ಲಿ ಇಂದು ಹಿಮನದಿಗಳು, ಬೋಳು ಬೆಟ್ಟಗಳು, ನೆಲಕ್ಕಂಟಿದ ಪುಟ್ಟ ಗಿಡಗಳು ಬಿಟ್ಟರೆ ಹೆಚ್ಚೇನೂ ಕಾಣಸಿಗದು. ಚಳಿಗಾಲದಲ್ಲಿ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. 1975ರಲ್ಲಿ ಮೇರಿ ಡಾಸನ್, ರಾಬರ್ಟ್ ವೆಸ್ಟ್ ಮತ್ತು ಸಂಗಡಿಗರು ಅಲ್ಲಿನ ಕಲ್ಲಿನ ಪದರಗಳಲ್ಲಿ ಪ್ರಾಣಿಗಳ ಪಳೆಯುಳಿಕೆ ಹುಡುಕಿದಾಗ ಸಿಕ್ಕಿದ್ದು ಆಮೆಗಳ ಮತ್ತು ಅಲಿಗೇಟರ್ ಕುಲದ ಮೊಸಳೆಗಳ ಎಲುಬುಗಳು. ವಯಸ್ಸು ಸುಮಾರು 5 ಕೋಟಿ ವರ್ಷ. ಆ ನೆಲ ಆಗ ದಕ್ಷಿಣದ ಬೆಚ್ಚನೆಯ ಜಾಗದಲ್ಲಿದ್ದು ಆಮೇಲೆ ಮೇಲಕ್ಕೆ ಸರಿದಿರಬಹುದೇ ಎಂದರೆ, ಇಲ್ಲ. ಆಗಲೂ ಅದು ಆರ್ಕ್ಟಿಕ್ ವೃತ್ತದ ಒಳಗೇ ಇತ್ತು. ಆಗಲೂ ಅಲ್ಲಿ ದೀರ್ಘವಾದ ಕತ್ತಲ ಚಳಿಗಾಲವಿತ್ತು. ಅಲಿಗೇಟರ್ ಬದುಕಬೇಕಾದರೆ ಆ ಕತ್ತಲಲ್ಲೂ ನೀರು ಹೆಪ್ಪುಗಟ್ಟಿ ಕೂರಬಾರದು. ಸೂರ್ಯನಿಲ್ಲದ ಊರು ಬೆಚ್ಚಗಿದ್ದದ್ದು ಹೇಗೆ?

ಭೂವಿಜ್ಞಾನಿಗಳು ಇಯೊಸೀನ್ ಎಂದು ಕರೆಯುವ ಕಾಲ ಅದು, 5.6 ಕೋಟಿ ವರ್ಷಗಳ ಹಿಂದೆ ಶುರುವಾಗಿ 3.4 ಕೋಟಿ ವರ್ಷಗಳ ಹಿಂದೆ ಮುಗಿದದ್ದು. ಅದರ ಮೊದಲ ಭಾಗದಲ್ಲಿ ಭೂಮಿಯ ಸರಾಸರಿ ತಾಪಮಾನ ಸುಮಾರು 27 ಡಿಗ್ರಿ ಸೆಲ್ಸಿಯಸ್ ಇತ್ತೆಂಬುದು ಈಚಿನ ಅಂದಾಜು. ಕೈಗಾರಿಕೆಗಳು ಬರುವ ಮುಂಚಿನ ನಮ್ಮ ಭೂಮಿಯದು ಸುಮಾರು 14. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಆಗ ಹತ್ತು ಲಕ್ಷಕ್ಕೆ ಸಾವಿರ ಭಾಗವನ್ನೂ (1000 ಪಿಪಿಎಂ) ಮೀರಿತ್ತು. ಸಾಮಾನ್ಯವಾಗಿ ಹೇಳುವ ಅಂಕಿ 1500 ಪಿಪಿಎಂ ಆಸುಪಾಸಿನದು. ನಾವು ಈಗ 420 ದಾಟಿದ್ದೇವೆ, 280ರಿಂದ ಹೊರಟಿದ್ದೆವು.

ಇಷ್ಟು ಹಳೆಯ ಕಾಲವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಕೆಲಸಕ್ಕೆ ವಿಜ್ಞಾನಿಗಳು ವರ್ಷಗಟ್ಟಲೆ ಸಮಯ ಕೊಡುವುದಕ್ಕೆ ಗಟ್ಟಿಯಾದ ಕಾರಣವಿದೆ. 2100ರಲ್ಲಿ ಮುಂಗಾರು ಹೇಗಿರುತ್ತದೆ, ಸಮುದ್ರ ಎಷ್ಟು ಏರುತ್ತದೆ ಎಂದು ಹೇಳುವ ಮಾದರಿಗಳೂ ಇಯೊಸೀನನ್ನು ಕಟ್ಟುವ ಮಾದರಿಗಳೂ ಬೇರೆಬೇರೆಯಲ್ಲ. ಅವನ್ನು ರೂಪಿಸುವಾಗ, ತಿದ್ದುವಾಗ ಕಣ್ಣೆದುರಿಗೆ ಇಟ್ಟುಕೊಂಡಿದ್ದು ಕಳೆದ ನೂರೈವತ್ತು ವರ್ಷಗಳ ಅಳತೆಗಳನ್ನು. ಆ ಅಳತೆಗಳ ಆಚೆ, ತೀರಾ ಬಿಸಿಯಾದ ಭೂಮಿಯಲ್ಲಿ ಅವು ಸರಿಯಾಗಿ ನಡೆದುಕೊಳ್ಳುತ್ತವೆಯೇ ಎಂದು ನೋಡಲು ಮುಂದಿನ ಶತಮಾನ ಬರುವತನಕ ಕಾಯಬೇಕಿಲ್ಲ. ಆಗಲೇ ನಡೆದುಹೋದ, ಕಲ್ಲಿನಲ್ಲಿ ಗುರುತು ಬಿಟ್ಟ, ಮಾದರಿ ಬರೆದವರು ಉತ್ತರ ನೋಡಿ ತಿದ್ದಿಕೊಂಡಿರದ ಪ್ರಯೋಗವೊಂದು ಇದೆ. ನನ್ನ ಮಟ್ಟಿಗೆ ಹವಾಗುಣ ವಿಜ್ಞಾನದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ಬೇರೊಂದಿಲ್ಲ.

ಮಾದರಿ ಎಂದರೆ ಲಕ್ಷಗಟ್ಟಲೆ ಸಾಲುಗಳ ಕಂಪ್ಯೂಟರ್ ಪ್ರೋಗ್ರಾಂ. ಬಹುಪಾಲು ಫೋರ್ಟ್ರಾನ್ ಭಾಷೆಯದು. ಅದರೊಳಗೆ ಹಳೆಯ ಹವೆಯ ದಾಖಲೆಗಳೇನೂ ಇರುವುದಿಲ್ಲ. ಇರುವುದು ಭೌತವಿಜ್ಞಾನದ ನಿಯಮಗಳು. ಗಾಳಿ ಮತ್ತು ನೀರು ಹರಿಯುವ ಸಮೀಕರಣಗಳು, ಶಕ್ತಿಯೂ ದ್ರವ್ಯವೂ ನಾಶವಾಗದೆಂಬ ಲೆಕ್ಕ, ನೀರು ಆವಿಯಾಗುವ, ಮತ್ತೆ ಹನಿಯಾಗುವ ಲೆಕ್ಕ, ಬಿಸಿಲು ಮತ್ತು ಶಾಖಕಿರಣಗಳು ಗಾಳಿಯ ಪದರಗಳನ್ನು ದಾಟುವ ಲೆಕ್ಕ. ಭೂಮಿಯ ಮೈಯನ್ನು ಚೌಕಗಳಾಗಿ, ಮೇಲಿನ ಗಾಳಿಯನ್ನೂ ಕೆಳಗಿನ ಕಡಲನ್ನೂ ಪದರಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲೂ ತಾಪ, ಒತ್ತಡ, ತೇವ, ಗಾಳಿಯ ವೇಗ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಅರ್ಧ ಗಂಟೆ ಮುಂದಕ್ಕೆ ಸರಿದು ಮತ್ತೆ ಲೆಕ್ಕ. ಹೀಗೆ ಅರ್ಧರ್ಧ ಗಂಟೆ ಸೇರಿ ಸಾವಿರಾರು ವರ್ಷ. ಕಡಲನ್ನೂ ಗಾಳಿಯನ್ನೂ ಒಟ್ಟಿಗೆ ಓಡಿಸುವ ಮೊದಲ ಮಾದರಿಯನ್ನು ಸ್ಯುಕುರೊ ಮನಾಬೆ ಮತ್ತು ಕರ್ಕ್ ಬ್ರಯನ್ 1969ರಲ್ಲಿ ಪ್ರಕಟಿಸಿದರು. ಮನಾಬೆಯವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಪ್ರಾಚೀನ ಕಾಲದ ಓಟಗಳಲ್ಲಿ ಒಂದೊಂದು ಚೌಕದ ಬದಿ ಸಾಮಾನ್ಯವಾಗಿ 200ರಿಂದ 300 ಕಿಲೋಮೀಟರ್. ಅಂಥ ಮಾದರಿಯಲ್ಲಿ ಇಂದಿನ ಇಡೀ ಕರ್ನಾಟಕಕ್ಕೆ ಸಿಗುವುದು ಮೂರೋ ನಾಲ್ಕೋ ಚೌಕ. ಆಗುಂಬೆಯ ಮಳೆಯೂ ಚಿತ್ರದುರ್ಗದ ಒಣಹವೆಯೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. ಇನ್ನು ಒಂದು ಮೋಡ? ಅದು ಆ ಚೌಕದ ಒಂದು ಮೂಲೆಗೂ ಸಾಲದು. ಹಾಗಾಗಿ ಮೋಡಗಳನ್ನು ನೇರವಾಗಿ ಲೆಕ್ಕ ಹಾಕಲಾಗುವುದಿಲ್ಲ. ಚೌಕದ ಸರಾಸರಿ ತೇವ ಇಷ್ಟು, ತಾಪ ಇಷ್ಟು ಎಂದಾದರೆ ಅದರಲ್ಲಿ ಎಷ್ಟು ಪಾಲು ಮೋಡ ಕವಿದಿರುತ್ತದೆ, ಹನಿಗಳು ಎಷ್ಟು ದಪ್ಪ, ಯಾವಾಗ ಮಳೆಯಾಗಿ ಉದುರುತ್ತವೆ ಎಂಬುದಕ್ಕೆ ಸೂತ್ರಗಳನ್ನು ಬರೆದಿರುತ್ತಾರೆ. ಆ ಸೂತ್ರಗಳ ಕೆಲವು ಸಂಖ್ಯೆಗಳನ್ನು ಇಂದಿನ ಉಪಗ್ರಹ ಚಿತ್ರಗಳಿಗೆ ಹೊಂದುವಂತೆ ಆರಿಸಿರುತ್ತಾರೆ. ಮಾದರಿಗಳ ನಡುವಿನ ಭಿನ್ನಾಭಿಪ್ರಾಯಕ್ಕೆ ಹೆಚ್ಚಿನ ಪಾಲು ಕಾರಣ ಈ ಜಾಗ. ಮುಂದೆ ಮೋಡದ ಮಾತು ಪದೇಪದೇ ಬರಲಿದೆ.

ಇಯೊಸೀನನ್ನು ಕಟ್ಟಲು ಮೊದಲು ಬೇಕಾದದ್ದು ಅಂದಿನ ಭೂಪಟ. ಖಂಡಗಳನ್ನು ಹಿಂದಕ್ಕೆ ಸರಿಸಬೇಕು. ಕಡಲತಳದ ವಯಸ್ಸು ಮತ್ತು ಕಲ್ಲುಗಳಲ್ಲಿ ಉಳಿದ ಕಾಂತೀಯ ಗುರುತು ಅದಕ್ಕೆ ದಾರಿ ತೋರಿಸುತ್ತವೆ. ಆ ಭೂಪಟದಲ್ಲಿ ಅಂಟಾರ್ಕ್ಟಿಕಾದ ಮೇಲೆ ಹಿಮದ ಹಾಸಿಲ್ಲ. ಹಿಮವನ್ನು ಅಳಿಸಿಬಿಟ್ಟರೆ ಮುಗಿಯಲೂ ಇಲ್ಲ. ಕಿಲೋಮೀಟರುಗಟ್ಟಲೆ ದಪ್ಪದ ಮಂಜು ಅದುಮಿಟ್ಟಿರುವ ನೆಲ ಆ ಭಾರವಿಲ್ಲದಿದ್ದಾಗ ಎಷ್ಟು ಎತ್ತರದಲ್ಲಿತ್ತು ಎಂದೂ ಲೆಕ್ಕ ಹಾಕಬೇಕು. ಉತ್ತರ ಮತ್ತು ದಕ್ಷಿಣ ಅಮೆರಿಕಗಳ ನಡುವೆ ಕಡಲು ತೆರೆದಿದೆ, ಪನಾಮಾದ ಭೂಸಂಧಿ ಇನ್ನೂ ಹುಟ್ಟಿಲ್ಲ. ಹಿಮಾಲಯವಿಲ್ಲ. ಭಾರತ ಉತ್ತರಕ್ಕೆ ಧಾವಿಸುತ್ತ ಏಷ್ಯಾಕ್ಕೆ ತಾಗುವ ಹಂತದಲ್ಲಿದೆ, ನಡುವೆ ಟೆಥಿಸ್ ಸಾಗರದ ಉಳಿದ ಭಾಗ.

ಇಲ್ಲಿ ಹೊರಗಿನವರಿಗೆ ಕಾಣದ ತಾಳ್ಮೆಯ ಕೆಲಸವೊಂದಿದೆ. ನೆಲದ ಪ್ರತಿಯೊಂದು ಚೌಕದ ಮೇಲೆ ಬಿದ್ದ ಮಳೆನೀರು ಯಾವ ದಿಕ್ಕಿಗೆ ಹರಿದು ಯಾವ ಕಡಲು ಸೇರಬೇಕು ಎಂದು ಮಾದರಿಗೆ ಹೇಳಿಕೊಡಬೇಕು. ಒಂದು ಕಣಿವೆಯ ನೀರು ಎಲ್ಲೂ ಹೊರಹೋಗದಂತೆ ತಪ್ಪಿ ಬಿಟ್ಟರೆ ಆ ನೀರು ಲೆಕ್ಕದಿಂದಲೇ ಮಾಯವಾಗಿ, ವರ್ಷವರ್ಷಕ್ಕೆ ಕಡಲು ಉಪ್ಪಾಗುತ್ತ ಹೋಗುತ್ತದೆ. ಜಲಸಂಧಿಗಳು ಚೌಕಕ್ಕಿಂತ ಕಿರಿದಾದರೆ ಪ್ರವಾಹ ನಿಂತೇಹೋಗುತ್ತದೆ, ಹಾಗಾಗಿ ಕೈಯಾರೆ ಅಗಲಿಸಬೇಕು. ಇನ್ನೊಂದು ತೊಡಕು ಗಣಿತದ್ದು: ರೇಖಾಂಶಗಳೆಲ್ಲ ಧ್ರುವದಲ್ಲಿ ಒಂದೇ ಬಿಂದುವಿಗೆ ಕೂಡುವುದರಿಂದ ಅಲ್ಲಿನ ಚೌಕಗಳು ಅತಿ ಕಿರಿದಾಗಿ ಲೆಕ್ಕ ಕೆಡುತ್ತದೆ. ಇಂದಿನ ಕೆಲವು ಕಡಲ ಮಾದರಿಗಳಲ್ಲಿ ಆ ಬಿಂದುವನ್ನು ಆರ್ಕ್ಟಿಕ್ ನೀರಿನಿಂದ ಎತ್ತಿ ಗ್ರೀನ್‌ಲ್ಯಾಂಡಿನ ನೆಲದ ಮೇಲಿಟ್ಟಿರುತ್ತಾರೆ. ಖಂಡಗಳು ಜಾಗ ಬದಲಿಸಿದರೆ ಅದಕ್ಕೆ ಹೊಸ ನೆಲ ಹುಡುಕಬೇಕು.

ಆಮೇಲೆ ಗಾಳಿಯ ಘಟಕಗಳು, ಕಾಡು ಎಲ್ಲಿ ಪೊದೆ ಎಲ್ಲಿ ಎಂಬ ಸಸ್ಯನಕ್ಷೆ, ಭೂಮಿಯ ಕಕ್ಷೆಯ ಆಕಾರ, ಸೂರ್ಯನ ಪ್ರಕಾಶ. ಆಗಿನ ಸೂರ್ಯ ಇಂದಿಗಿಂತ ಅರ್ಧ ಶೇಕಡಾದಷ್ಟು ಮಂಕಾಗಿದ್ದ, ಅಂದರೆ ಲೆಕ್ಕ ಚಳಿಯ ಕಡೆಗೇ ವಾಲುತ್ತದೆ. ಜಗತ್ತಿನ ಬೇರೆಬೇರೆ ತಂಡಗಳು ತಮಗೆ ತೋಚಿದಂತೆ ಇವನ್ನೆಲ್ಲ ಆರಿಸಿಕೊಂಡರೆ ಫಲಿತಾಂಶಗಳನ್ನು ಹೋಲಿಸುವುದೇ ಅಸಾಧ್ಯ. ಹಾಗಾಗಿ ಡೀಪ್‌ಮಿಪ್ ಎಂಬ ಜಂಟಿ ಯೋಜನೆಯವರು 2017ರಲ್ಲಿ ಒಂದೇ ನಿಯಮಾವಳಿ ಹೊರತಂದರು: ಎಲ್ಲರೂ ಇದೇ ಭೂಪಟ ಬಳಸಿ, ಇಂಗಾಲದ ಡೈಆಕ್ಸೈಡನ್ನು 280 ಪಿಪಿಎಂನ ಮೂರು ಪಟ್ಟು ಇಟ್ಟು ಒಮ್ಮೆ, ಆರು ಪಟ್ಟು ಇಟ್ಟು ಇನ್ನೊಮ್ಮೆ ಓಡಿಸಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಡ್ಯಾನಿಯಲ್ ಲಂಟ್ ಇದರ ಮುಂದಾಳುಗಳಲ್ಲೊಬ್ಬರು. ಎಂಟು ಮಾದರಿಗಳ ಫಲಿತಾಂಶ 2021ರಲ್ಲಿ ಒಟ್ಟಿಗೆ ಬಂತು.

ಓಡಿಸಲು ಅಷ್ಟೊಂದು ಕಾಲ ಯಾಕೆ ಬೇಕು? ಕಡಲಿನಿಂದಾಗಿ. ಗಾಳಿ ಕೆಲವೇ ವರ್ಷಗಳಲ್ಲಿ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ. ಕಡಲು ಹಾಗಲ್ಲ, ಬಚ್ಚಲ ಹಂಡೆಗೆ ಉರಿ ಹಾಕಿದ ಕೂಡಲೇ ಯಾರೂ ಸ್ನಾನಕ್ಕೆ ಇಳಿಯುವುದಿಲ್ಲ, ಮತ್ತು ಈ ಹಂಡೆ ನಾಲ್ಕು ಕಿಲೋಮೀಟರ್ ಆಳದ್ದು, ಉರಿ ಬೀಳುವುದೂ ಮೇಲಿನಿಂದ. ಇಂದು ಆಳ ಸಾಗರದ ನೀರು ಒಂದೆರಡು ಡಿಗ್ರಿಯಷ್ಟು ತಣ್ಣಗಿದೆ. ಇಯೊಸೀನಿನ ಆರಂಭದಲ್ಲಿ ಅದು ಹತ್ತು ಡಿಗ್ರಿಯನ್ನೂ ದಾಟಿತ್ತು. ಇಂದಿನ ಕಡಲಿನಿಂದ ಶುರು ಮಾಡಿದರೆ ಅಲ್ಲಿಗೆ ತಲುಪಲು ಮಾದರಿಯ ಒಳಗೆ ಸಾವಿರಾರು ವರ್ಷ ಕಳೆಯಬೇಕು. ಆದ್ದರಿಂದ ಮೊದಲೇ ಬೆಚ್ಚಗಿನ ಕಡಲನ್ನು ತುಂಬಿಸಿ ಹೊರಡುತ್ತಾರೆ. ಆದರೂ ಸಾವಿರ, ಎರಡು ಸಾವಿರ ಮಾದರಿ-ವರ್ಷಗಳ ಓಟ ಬೇಕೇ ಬೇಕು. ನೂರಾರು ಪ್ರೊಸೆಸರುಗಳ ಯಂತ್ರದಲ್ಲಿ ದಿನಕ್ಕೆ ಹತ್ತಿಪ್ಪತ್ತು ವರ್ಷ ಓಡಿದರೂ ತಿಂಗಳುಗಳೇ ಹಿಡಿಯುತ್ತವೆ. ಭೂಮಿಗೆ ಬರುವ ಶಕ್ತಿಗೂ ಹೊರಹೋಗುವ ಶಕ್ತಿಗೂ ನಡುವಿನ ಅಂತರ ಸೊನ್ನೆಗೆ ಹತ್ತಿರವಾದಾಗ ಮಾತ್ರ ಓಟ ಮುಗಿಯಿತೆಂದು ಒಪ್ಪುತ್ತಾರೆ. ಅತಿ ಬಿಸಿಯ ಓಟಗಳು ಅರ್ಧದಲ್ಲೇ ಕುಸಿದುಬೀಳುವುದೂ ಉಂಟು. ಶಾಖಕಿರಣಗಳ ಲೆಕ್ಕವನ್ನು ಬರೆದವರು ಅಂಥ ತಾಪಮಾನವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ.

ಓಟ ಮುಗಿದ ಮೇಲೆ ಕಲ್ಲಿನ ಸಾಕ್ಷಿಯೊಂದಿಗೆ ಹೋಲಿಕೆ. ಆ ಕಾಲದ ಥರ್ಮಾಮೀಟರುಗಳಾಗಿ ನಮಗೆ ಉಳಿದಿರುವುದು ಕಡಲತಳದ ಕೆಸರಿನಲ್ಲಿ ಹೂತ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳು. ನೀರು ತಣ್ಣಗಿದ್ದಷ್ಟೂ ಚಿಪ್ಪಿನಲ್ಲಿ ಭಾರದ ಆಮ್ಲಜನಕದ ಪಾಲು ಹೆಚ್ಚು, ಬಿಸಿಯಾದಷ್ಟೂ ಮೆಗ್ನೀಸಿಯಂ ಹೆಚ್ಚು. ಕಡಲಿನ ಆರ್ಕಿಯಾ ಜೀವಿಗಳು ತಮ್ಮ ಕೋಶಪೊರೆಯ ಕೊಬ್ಬಿನ ಅಣುಗಳನ್ನು ತಾಪಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತವೆ. ಟೆಕ್ಸ್-86 ಎಂಬ ಅಳತೆ ಅದನ್ನೇ ಓದುತ್ತದೆ. ನೆಲದ ಮೇಲೆ ಎಲೆಗಳ ಅಂಚು, ಪರಾಗ. ಇಂಗಾಲದ ಡೈಆಕ್ಸೈಡಿನ ಪ್ರಮಾಣಕ್ಕೆ ಚಿಪ್ಪಿನ ಬೋರಾನ್, ಏಕೆಂದರೆ ಅದು ಕಡಲಿನ ಆಮ್ಲೀಯತೆಯನ್ನು ಹೇಳುತ್ತದೆ. 2004ರಲ್ಲಿ ಉತ್ತರ ಧ್ರುವದ ಹತ್ತಿರ ಲೊಮೊನೊಸೊವ್ ದಿಬ್ಬವನ್ನು ಕೊರೆದು ತೆಗೆದ ಕೆಸರಿನಲ್ಲಿ ಇದೇ ಟೆಕ್ಸ್-86 ಹೇಳಿದ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು: 5.6 ಕೋಟಿ ವರ್ಷಗಳ ಹಿಂದಿನ ತಾಪದ ಏರಿಕೆಯಲ್ಲಿ ಆರ್ಕ್ಟಿಕ್ ಕಡಲಿನ ಮೇಲ್ಮೈ ಸುಮಾರು 23 ಡಿಗ್ರಿ.

ಮಾದರಿಗಳು ಇದಕ್ಕೆ ಹತ್ತಿರವೂ ಬರಲಿಲ್ಲ. ಈ ಜಗಳ 1980ರ ದಶಕದಷ್ಟು ಹಳೆಯದು. ಎರಿಕ್ ಬ್ಯಾರನ್ ಮತ್ತು ವಾರೆನ್ ವಾಷಿಂಗ್ಟನ್ ಇಯೊಸೀನಿಗಿಂತ ಹಿಂದಿನ ಕ್ರಿಟೇಶಿಯಸ್ ಕಾಲವನ್ನು ಕಟ್ಟಿದಾಗ ಖಂಡಗಳನ್ನು ಸರಿಸಿದ್ದರಿಂದ ಬಂದ ಬಿಸಿ ಸಾಲದೆಂದು ಕಂಡರು. ಇಂಗಾಲದ ಡೈಆಕ್ಸೈಡ್ ಏರಿಸಲೇಬೇಕಾಯಿತು. ಏರಿಸಿದರೂ ಇಯೊಸೀನಿನ ಒಗಟು ಬಗೆಹರಿಯಲಿಲ್ಲ. ಧ್ರುವ ಬೆಚ್ಚಗಾಗುವಷ್ಟು ಏರಿಸಿದರೆ ಉಷ್ಣವಲಯ ಕುದಿಯುತ್ತದೆ. ಉಷ್ಣವಲಯವನ್ನು ಹದದಲ್ಲಿಟ್ಟರೆ ಧ್ರುವ ಹೆಪ್ಪುಗಟ್ಟುತ್ತದೆ. ಅಮೆರಿಕದ ವಯೋಮಿಂಗ್‌ನಲ್ಲಿ ತಾಳೆಮರ, ಮೊಸಳೆಗಳ ಪಳೆಯುಳಿಕೆ ಇದ್ದರೆ ಮಾದರಿ ಅದೇ ಜಾಗದಲ್ಲಿ ಹಿಮ ಬೀಳುವ ಚಳಿಗಾಲ ತೋರಿಸುತ್ತಿತ್ತು.

ಮಾದರಿಯವರು ತಪ್ಪೋ, ಕಲ್ಲು ಓದುವವರು ತಪ್ಪೋ? ಇಬ್ಬರೂ ಅಷ್ಟಷ್ಟು ತಪ್ಪಿದ್ದರು. ಉಷ್ಣವಲಯದ ಕಡಲು ಆಗ 15ರಿಂದ 23 ಡಿಗ್ರಿಯಷ್ಟೇ ಇತ್ತು, ಇಂದಿಗಿಂತ ತಂಪು ಎಂದು ಚಿಪ್ಪುಗಳು ಬಹುಕಾಲ ಹೇಳುತ್ತಿದ್ದವು. 2001ರಲ್ಲಿ ಪಾಲ್ ಪಿಯರ್ಸನ್ ಮತ್ತು ಸಂಗಡಿಗರು ತಾಂಜಾನಿಯಾದ ಜೇಡಿಮಣ್ಣಿನಲ್ಲಿ ಗಾಜಿನಂತೆ ಹೊಳೆಯುವ, ಕೆಡದೆ ಉಳಿದ ಚಿಪ್ಪುಗಳನ್ನು ಅಳೆದರು. ಅವು 28ರಿಂದ 32 ಡಿಗ್ರಿ ತೋರಿಸಿದವು. ಹಿಂದಿನ ಚಿಪ್ಪುಗಳಿಗೆ ಆದದ್ದೇನೆಂದರೆ, ಜೀವಿ ಸತ್ತು ಆಳದ ತಣ್ಣನೆಯ ಕೆಸರಿಗೆ ಬಿದ್ದ ಮೇಲೆ ಚಿಪ್ಪು ನಿಧಾನವಾಗಿ ಮತ್ತೆ ಹರಳುಗಟ್ಟಿತ್ತು. ಮೇಲ್ಮೈಯ ಬಿಸಿಯ ಗುರುತಿನ ಮೇಲೆ ತಳದ ಚಳಿಯ ಗುರುತು ಕೂತಿತ್ತು. ಒಗಟಿನ ಅರ್ಧ ಭಾಗವನ್ನು ಹೀಗೆ ಸೂಕ್ಷ್ಮದರ್ಶಕ ಬಿಡಿಸಿತು. ಮಾದರಿಗಳ ಹಟ ಇಲ್ಲಿ ಉಪಕಾರವನ್ನೇ ಮಾಡಿತ್ತು: ಬಿಸಿಯಾದ ಭೂಮಿಯಲ್ಲಿ ತಂಪಾದ ಉಷ್ಣವಲಯ ಭೌತವಿಜ್ಞಾನಕ್ಕೆ ಒಪ್ಪುವುದಿಲ್ಲ ಎಂದು ಅವು ಮೊದಲಿನಿಂದಲೂ ಹೇಳುತ್ತಿದ್ದವು.

ಇನ್ನರ್ಧ ಮಾದರಿಗಳ ಪಾಲಿನದು. ಧ್ರುವದ ಮೇಲೆ ಎತ್ತರದ ಮೋಡಗಳು ಶಾಖವನ್ನು ಹಿಡಿದಿಟ್ಟವೇ, ಉಗ್ರ ಚಂಡಮಾರುತಗಳು ಕಡಲನ್ನು ಕಲಕಿ ಬಿಸಿಯನ್ನು ಧ್ರುವದ ಕಡೆಗೆ ತಳ್ಳಿದವೇ ಎಂದೆಲ್ಲ ಊಹೆಗಳು ಬಂದವು. 2011ರಲ್ಲಿ ಮ್ಯಾಥ್ಯೂ ಹ್ಯೂಬರ್ ಮತ್ತು ರೊಡ್ರಿಗೊ ಕಬಾಯೆರೊ ಕಡೆಗೂ ಪಳೆಯುಳಿಕೆಗಳಿಗೆ ಹೊಂದುವ ಇಯೊಸೀನ್ ಕಟ್ಟಿದರು, ಆದರೆ ಅದಕ್ಕಾಗಿ ಇಂಗಾಲದ ಡೈಆಕ್ಸೈಡನ್ನು 4480 ಪಿಪಿಎಂಗೆ ಏರಿಸಬೇಕಾಯಿತು. ಬೋರಾನ್ ಹೇಳುವುದಕ್ಕಿಂತ ಅದು ತೀರಾ ಹೆಚ್ಚು. ಅಂದರೆ ಬಿಸಿ ಎಲ್ಲೋ ಸೋರಿಹೋಗುತ್ತಿತ್ತು.

2019ರಲ್ಲಿ ಜಿಯಾಂಗ್ ಝು, ಕ್ರಿಸ್ಟೋಫರ್ ಪೌಲ್ಸನ್ ಮತ್ತು ಜೆಸ್ಸಿಕಾ ಟಿಯರ್ನಿ ಅಮೆರಿಕದ ಸಿಇಎಸ್‌ಎಂ ಮಾದರಿಯ 1.2 ಆವೃತ್ತಿಯಲ್ಲಿ ಇಯೊಸೀನ್ ಓಡಿಸಿದರು. ಭೌತನಿಯಮಗಳನ್ನು ತಿರುಚದೆ, ಕಲ್ಲು ಹೇಳಿದಷ್ಟೇ ಇಂಗಾಲದ ಡೈಆಕ್ಸೈಡ್ ಇಟ್ಟು, ಬೆಚ್ಚನೆಯ ಧ್ರುವವೂ ಬದುಕಬಲ್ಲ ಉಷ್ಣವಲಯವೂ ಒಟ್ಟಿಗೆ ಬಂದವು. ಕಾರಣ ಮೋಡಗಳ ಸೂತ್ರ. ಆ ಆವೃತ್ತಿಯಲ್ಲಿ ಹನಿಗಳು ಹುಟ್ಟಿ ಬೆಳೆಯುವ ಬಗೆಯನ್ನು ಹೆಚ್ಚು ವಿವರವಾಗಿ ಬರೆಯಲಾಗಿತ್ತು. ಭೂಮಿ ಬಿಸಿಯಾದಷ್ಟೂ ಕೆಳಮಟ್ಟದ ಮೋಡಗಳು ಕಡಿಮೆಯಾಗಿ, ಉಳಿದವು ತೆಳುವಾಗಿ, ಬಿಸಿಲನ್ನು ಆಕಾಶಕ್ಕೆ ತಿರುಗಿ ಕಳಿಸುವುದು ತಗ್ಗಿತು. ಇಂಗಾಲದ ಡೈಆಕ್ಸೈಡ್ ದ್ವಿಗುಣವಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬ ಅಳತೆ ಆ ಮಾದರಿಯಲ್ಲಿ ಇಂದಿನ ಸ್ಥಿತಿಗೆ 4.2 ಡಿಗ್ರಿ, ಇಯೊಸೀನಿನಲ್ಲಿ 6.6 ಡಿಗ್ರಿಗೂ ಹೆಚ್ಚು. ಬಿಸಿಯಾದ ಭೂಮಿ ಇನ್ನಷ್ಟು ಸುಲಭವಾಗಿ ಬಿಸಿಯಾಗುತ್ತದೆ ಎಂಬ ಈ ಸೂಚನೆಯನ್ನು ನಾನು ಹಗುರವಾಗಿ ಓದಲಾರೆ.

ಅದಾದ ಮರುವರ್ಷವೇ ಕಥೆ ತಿರುಗಿತು. ಅದೇ ಮಾದರಿಯ ಹೊಸ ಆವೃತ್ತಿ ಸಿಇಎಸ್‌ಎಂ-2ರ ದ್ವಿಗುಣದ ಉತ್ತರ 5 ಡಿಗ್ರಿಯನ್ನೂ ಮೀರಿತ್ತು. 20ನೇ ಶತಮಾನದ ತಾಪವನ್ನು ಅದು ಚೆನ್ನಾಗಿಯೇ ತೋರಿಸುತ್ತಿತ್ತು; ಹಾಗಾದರೆ ಆ ಭಯಂಕರ ಅಂಕಿಯನ್ನು ನಂಬಬೇಕೇ? ಝು ಮತ್ತು ಸಂಗಡಿಗರು ಅದನ್ನು ಇಯೊಸೀನಿಗೆ ಕಳಿಸಿದರು. ಮೂರು ಪಟ್ಟು ಇಂಗಾಲದ ಡೈಆಕ್ಸೈಡಿಗೇ ಉಷ್ಣವಲಯದ ನೆಲ 55 ಡಿಗ್ರಿ ದಾಟಿತು. ಕಾಡುಗಳಿದ್ದ ಜಾಗದಲ್ಲಿ ಯಾವ ಎಲೆಯೂ ಬದುಕದ ಶಾಖ. 21 ಸಾವಿರ ವರ್ಷ ಹಿಂದಿನ ಹಿಮಯುಗಕ್ಕೆ ಕಳಿಸಿದಾಗ ತದ್ವಿರುದ್ಧವಾಗಿ ಭೂಮಿ ಅತಿಯಾಗಿ ತಣ್ಣಗಾಯಿತು. ಎರಡೂ ಕಡೆ ಒಂದೇ ರೋಗ: ಮೋಡ ಅತಿಯಾಗಿ ಸ್ಪಂದಿಸುತ್ತಿತ್ತು. ಹುಡುಕುತ್ತ ಹೋದಾಗ ಮೋಡದೊಳಗಿನ ಮಂಜಿನ ಕಣಗಳ ಸಂಖ್ಯೆಗೆ ಪ್ರೋಗ್ರಾಂ ಹಾಕಿದ್ದ ಅನುಚಿತವಾದ ಮಿತಿಯೊಂದು ಸಿಕ್ಕಿತು. ಅದನ್ನು ತೆಗೆದು, ಲೆಕ್ಕದ ಕಾಲದ ಹೆಜ್ಜೆಯನ್ನು ಕಿರಿದಾಗಿಸಿದಾಗ ಉತ್ತರ ಸುಮಾರು 4 ಡಿಗ್ರಿಗೆ ಇಳಿಯಿತು. ಇಂದಿನ ಹವೆಯಲ್ಲಿ ಆ ಮಿತಿಯ ದೋಷ ಕಾಣುವಂತಿರಲಿಲ್ಲ. ಹಳೆಯ ಕಾಲಗಳು ಅದನ್ನು ಹೊರಗೆಳೆದವು. ವಿಶ್ವಸಂಸ್ಥೆಯ ಹವಾಗುಣ ಸಮಿತಿ ಐಪಿಸಿಸಿಯ 2021ರ ವರದಿ ದ್ವಿಗುಣದ ಅಂಕಿಯನ್ನು 3 ಡಿಗ್ರಿ, ಬಹುಶಃ 2.5ರಿಂದ 4ರ ನಡುವೆ ಎಂದು ಬಿಗಿಗೊಳಿಸಿದ್ದರಲ್ಲಿ ಇಂಥ ಪ್ರಾಚೀನ ಸಾಕ್ಷಿಗಳ ಪಾಲಿದೆ.

ಇಯೊಸೀನ್ ಬಲು ದೂರದ್ದಾಯಿತು ಎನ್ನುವವರು ಪ್ಲಯೊಸೀನನ್ನು ನೋಡಬಹುದು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಇಂಗಾಲದ ಡೈಆಕ್ಸೈಡ್ 400 ಪಿಪಿಎಂ ಆಸುಪಾಸು, ಅಂದರೆ ಇಂದಿನಷ್ಟೇ. ಅದಕ್ಕೂ ಪ್ಲಯೊಮಿಪ್ ಎಂಬ ಜಂಟಿ ಯೋಜನೆಯಿದೆ. ಅದರ ಮಾದರಿಗಳು ಸರಾಸರಿಯಲ್ಲಿ ಕೊಟ್ಟದ್ದು ಕೈಗಾರಿಕಾಪೂರ್ವ ಕಾಲಕ್ಕಿಂತ ಸುಮಾರು 3.2 ಡಿಗ್ರಿ ಹೆಚ್ಚು ಬಿಸಿ. ಸಮುದ್ರ 5ರಿಂದ 25 ಮೀಟರ್ ಎತ್ತರದಲ್ಲಿತ್ತು. ಇಂದಿನ ಭೂಮಿ ಇನ್ನೂ ಅಷ್ಟು ಬಿಸಿಯಾಗಿಲ್ಲದಿರುವುದಕ್ಕೆ ಒಂದು ದೊಡ್ಡ ಕಾರಣವನ್ನು ಹಂಡೆಯ ಮಾತಿನಲ್ಲೇ ಹೇಳಿಯಾಗಿದೆ. ಹಿಮದ ಹಾಸುಗಳು ಕರಗುವುದು ಅದಕ್ಕಿಂತಲೂ ನಿಧಾನ.

ನಮ್ಮ ಉಪಖಂಡವೂ ಈ ಪರೀಕ್ಷೆಯ ಸಾಕ್ಷಿಗಳಲ್ಲೊಂದು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಇಯೊಸೀನ್ ಆರಂಭದ ಅಂಬರ್ ಸಿಕ್ಕಿದೆ, ಒಳಗೆ ಅಂದಿನ ಕೀಟಗಳು. ಆ ಅಂಟು ಒಸರಿದ್ದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳಿಂದ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಬಳಗ ಅದು. ಕಚ್ಛದ ಪನಂಧ್ರೊ ಗಣಿಯಲ್ಲಿ ಸಿಕ್ಕ ದೈತ್ಯ ಹಾವಿನ ಬೆನ್ನೆಲುಬಿನ ಮಣಿಗಳನ್ನು ಐಐಟಿ ರೂರ್ಕಿಯ ದೇಬಜಿತ್ ದತ್ತಾ ಮತ್ತು ಸುನಿಲ್ ಬಾಜಪೇಯಿ 2024ರಲ್ಲಿ ವಾಸುಕಿ ಇಂಡಿಕಸ್ ಎಂದು ಹೆಸರಿಸಿದರು. ವಯಸ್ಸು ಸುಮಾರು 4.7 ಕೋಟಿ ವರ್ಷ, ಉದ್ದದ ಅಂದಾಜು 11ರಿಂದ 15 ಮೀಟರ್. ಹಾವಿನ ಮೈ ಸುತ್ತಲಿನ ಶಾಖವನ್ನೇ ನೆಚ್ಚಿರುವುದರಿಂದ ಅಷ್ಟು ದೊಡ್ಡ ಹಾವು ಬೆಳೆಯಲು ಉಷ್ಣವಲಯ ಬೆಚ್ಚಗಿರಬೇಕು, ಆದರೆ 55 ಡಿಗ್ರಿಯಲ್ಲ. ಮಾದರಿಯನ್ನು ಎರಡೂ ಬದಿಯಿಂದ ಹಿಡಿಯುವ ಸಾಕ್ಷಿ ಇದು.

ಡೀಪ್‌ಮಿಪ್ ಯೋಜನೆಯ ಫಲಿತಾಂಶಗಳು ಈಗ ಎಲ್ಲರಿಗೂ ಮುಕ್ತವಾಗಿವೆ. ಜೊತೆಗೆ ಬ್ರೌಸರಿನಲ್ಲೇ ಓಡುವ ಒಂದು ಸಾಧನವೂ ಇದೆ. ಇಂದಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಆ ತಾಣ ಇಯೊಸೀನಿನಲ್ಲಿ ಎಲ್ಲಿತ್ತು ಎಂದು ಹಿಂದಕ್ಕೆ ಸರಿಸಿ, ಅಲ್ಲಿನ ತಾಪ, ಮಳೆಯನ್ನು ಪ್ರತಿಯೊಂದು ಮಾದರಿಯಲ್ಲೂ ತೋರಿಸುತ್ತದೆ. ಕರ್ನಾಟಕದ ಊರೊಂದನ್ನು ಕೊಟ್ಟರೆ ಅದು ಸಮಭಾಜಕದ ಆಸುಪಾಸಿಗೆ ಇಳಿಯುತ್ತದೆ. ನೋಡುವ ವಿದ್ಯಾರ್ಥಿಗೆ ನನ್ನದೊಂದು ಸಲಹೆ: ಸರಾಸರಿಯೊಂದನ್ನೇ ಬರೆದುಕೊಂಡು ನಿಲ್ಲಬೇಡಿ, ಮಾದರಿಗಳನ್ನು ಒಂದೊಂದಾಗಿ ತೆರೆದು ಮಳೆಯ ಅಂಕಣವನ್ನು ತಾಪದ ಅಂಕಣದ ಪಕ್ಕದಲ್ಲಿಟ್ಟು ಹೋಲಿಸಿ. ಎಲ್ಲಿ ಅವು ಒಂದಕ್ಕೊಂದು ಒಪ್ಪುವುದಿಲ್ಲವೋ, ಆ ಕಾಲದ ಪದರವಿರುವ ಗಣಿಯೊಂದು ಅಲ್ಲಿ ಹತ್ತಿರದಲ್ಲಿದೆಯೇ ಎಂದು ಹುಡುಕಿ.